ಅತ್ತಿಗೆಯ ಮೂರು ಪಟ್ಟೆ

ನಮ್ಮಪ್ಪ ತಾನು ಕುಡಿದ ಲೋಟ ಎತ್ತಿ ಸಿಂಕಲ್ಲಿ ಇಟ್ಟಿದ್ದನ್ನ ಕಣ್ಣಾರೆ ಕಂಡವರು ಈ ಭೂಮಿ ಮೇಲೆ ಯಾರೂ ಇಲ್ಲ. ಮೂವತ್ತು ಸೀಟಿನ ವಿಮಾನ ಮಾತ್ರ ದಿನಾ ಎತ್ತಿ ಮೋಡದ ಮೇಲೆ ಇಟ್ಟು ಬರ್ತಾನೆ.

"ಅದೇನ್ ಮಹಾ," ಅಂತಾಳೆ ಅಮ್ಮ. "ವಿಮಾನಕ್ಕೆ ಇಂಜಿನ್ ಇದೆ, ತಾನೇ ಎದ್ದೇಳುತ್ತೆ. ಲೋಟಕ್ಕೆ ಇಂಜಿನ್ ಇಲ್ವಲ್ಲ, ಪಾಪ, ಇವರ ಕೈಲಿ ಆಗಲ್ಲ."

ಅಪ್ಪ ಪೇಪರ್ ಮಡಚಿ, ಕನ್ನಡಕ ಹಣೆಗೇರಿಸಿ, ಕಿಟಕಿ ಕಡೆ ನೋಡಿ, "ಗಾಳಿ ಪಶ್ಚಿಮದಿಂದ ಬೀಸ್ತಿದೆ," ಅಂತಾನೆ. ಯಾರೂ ಕೇಳಿರಲ್ಲ. ಹೀರೋ ಡೈಲಾಗ್ ಹೊಡೆಯೋಕೆ ಯಾರಾದ್ರೂ ಕೇಳ್ಬೇಕಾ?

ಅಪ್ಪ ಮೊದ್ಲು ದೊಡ್ಡ ವಿಮಾನ ಸಂಸ್ಥೇಲಿ ಕ್ಯಾಪ್ಟನ್ ಆಗಿದ್ದ. ಅಲ್ಲಿ ಅರವತ್ತೈದು ತುಂಬಿದ್ರೆ ಬಾಗ್ಲು ತೋರಿಸ್ತಾರೆ. ತೋರಿಸಿದ್ರು. ಒಂದು ಗೋಡೆ ಗಡಿಯಾರ ಕೊಟ್ಟು, ಕೇಕ್ ಕತ್ತರಿಸಿ, ಬೆನ್ನು ತಟ್ಟಿ ಕಳಿಸಿದ್ರು. ಆ ಗಡಿಯಾರಕ್ಕೆ ಮೊಳೆ ಹೊಡೆಯೋ ಮುಂಚೆನೇ ಈ ಮನುಷ್ಯ ಬಾಡಿಗೆ ವಿಮಾನದ ಕಂಪ್ನಿ ಸೇರ್ಕೊಂಡುಬಿಟ್ಟ.

"ಮನೇಲಿ ಕೂತ್ರೆ ನಾನು ತುಕ್ಕು ಹಿಡೀತೀನಿ," ಅಂದ.

"ನೀವು ಕೂತ್ರೆ ನಾನು ತುಕ್ಕು ಹಿಡೀತೀನಿ, ಹೊರಡಿ," ಅಂದ್ಲು ಅಮ್ಮ.

ಈ ಬಾಡಿಗೆ ಕಂಪ್ನಿ ಮಾಡೋ ಕೆಲಸ ಇಷ್ಟು. ವಿಮಾನ ಸಂಸ್ಥೆಯ ಪರವಾಗಿ ಹಾರೋದು. ಟಿಕೆಟ್ಟು ಸಂಸ್ಥೇದು, ರೆಕ್ಕೆಗೆ ಬಳಿದ ಬಣ್ಣ ಸಂಸ್ಥೇದು, ತಿನ್ನೋಕೆ ಕೊಡೋ ಎರಡು ಬಿಸ್ಕತ್ತಿನ ಪೊಟ್ಟಣಾನೂ ಸಂಸ್ಥೇದೇ. ವಿಮಾನ ಮತ್ತು ಅದನ್ನ ಓಡಿಸೋರು ಮಾತ್ರ ಬಾಡಿಗೆ. ಅಂದ್ರೆ ಬಸ್ಸಿನ ಬಣ್ಣ ಬಳಿದು, ಬಸ್ಸಿನ ನಂಬರ್ ಹಾಕಿ, ಬಸ್ಸಿನ ಟೈಮಿಗೆ ಓಡೋ ಟ್ಯಾಕ್ಸಿ. ಇದ್ರಿಂದ ಲಾಭ ಏನಪ್ಪಾ ಅಂದ್ರೆ, ಬಸ್ಸಿನ ಕಾನೂನು ಟ್ಯಾಕ್ಸಿಗೆ ತಗಲಲ್ಲ. ಮುದುಕರೂ ಓಡಿಸ್ಬಹುದು, ಎಳಸುಗಳೂ ಓಡಿಸ್ಬಹುದು.

ನಮ್ಮನೇಲಿ ಮುದುಕ ಅಂದ್ರೆ ಅಪ್ಪ. ಎಳಸು ಅಂದ್ರೆ ಅತ್ತಿಗೆ, ನಮ್ಮಣ್ಣನ ಹೆಂಡ್ತಿ. ಅದೇ ಕಂಪ್ನೀಲಿ ಕೋ-ಪೈಲಟ್ಟು. ಅಪ್ಪನ ಭುಜದ ಮೇಲೆ ನಾಲ್ಕು ಚಿನ್ನದ ಪಟ್ಟೆ, ಅತ್ತಿಗೆ ಭುಜದ ಮೇಲೆ ಮೂರು. ಅಪ್ಪನಿಗೆ ಎಡಗಡೆ ಸೀಟು, ಅವಳಿಗೆ ಬಲಗಡೆ ಸೀಟು. ದೊಡ್ಡ ಸಂಸ್ಥೆ ಅವಳನ್ನ ತಗೋಬೇಕು ಅಂದ್ರೆ ಇನ್ನೊಂದು ಬೇಸಿಗೆಯಷ್ಟು ಹಾರಾಟದ ಗಂಟೆ ಅವಳ ಹೆಸರಿಗೆ ಸೇರ್ಬೇಕು. ಆ ಗಂಟೆಗೋಸ್ಕರ ಅವಳು ಯಾವತ್ತೂ ರಜಾ ಹಾಕ್ದೋಳಲ್ಲ. ತನ್ನ ತಂಗಿ ಮದುವೆಗೂ ಬೆಳಗಿನ ವಿಮಾನ ಹಾರಿಸಿ ಬಂದು ಫೋಟೋಗೆ ನಿಂತೋಳು.

ಅಣ್ಣ ಬಚ್ಚಲುಮನೆ ಟೈಲ್ಸ್ ಮಾರ್ತಾನೆ. ಅವನಿಗೆ ಮನೇಲಿ "ನೋಡೋಣ" ಅಂತ ಹೆಸರು. ಏನೇ ಕೇಳಿ, "ನೋಡೋಣ" ಅಂತಾನೆ. ಮದುವೆ ಟೈಮಲ್ಲಿ ಹುಡುಗಿ ಒಪ್ಪಿಗೆನಾ ಅಂತ ಕೇಳಿದ್ರೂ ಹಂಗೇ ಅಂದಿದ್ದ. ಅತ್ತಿಗೇನೇ "ಇವನು ನೋಡ್ತಾ ಇರ್ಲಿ, ನೀವು ಛತ್ರ ಹಿಡೀರಿ" ಅಂದಿದ್ದು.

ನಾನು ಇವರಿಬ್ರೂ ಹಾರೋ ವಿಮಾನ ನಿಲ್ದಾಣದ ಗೇಟಲ್ಲಿ ಮೈಕ್ ಹಿಡ್ಕೊಂಡು ನಿಲ್ಲೋನು. ವಿಮಾನ ತಡ ಆದ್ರೆ "ಸಂಸ್ಥೆಯ ಪರವಾಗಿ ಕ್ಷಮೆ ಕೋರುತ್ತೇವೆ" ಅಂತ ಅರಚೋದು. ತಡ ಮಾಡೋದು ಅವರು, ಕ್ಷಮೆ ಕೇಳೋದು ನಾನು, ಉಗಿಸ್ಕೊಳ್ಳೋದೂ ನಾನೇ. ಮನೇಲಿ ನನ್ನ ಹೆಸರು "ಮೈಕು".

"ನೀವೆಲ್ಲ ಯಾರ್ಯಾರದೋ ಪರವಾಗಿ," ಅಂತ ಅಮ್ಮ ಒಂದ್ಸಲ ಅಂದಿದ್ಲು, ಪಾತ್ರೆ ಉಜ್ಜುತ್ತಾ. "ನಾನು ನಿಮ್ಮೆಲ್ಲರ ಪರವಾಗಿ."

ಹಿಂಗೆ ನಡೀತಿರೋವಾಗ ವಿಮಾನಯಾನ ಇಲಾಖೆ ಬಾಯಿ ಬಿಡ್ತು.

ಬೆಳಿಗ್ಗೆ ತಿಂಡಿಗೆ ಕೂತಿದ್ವಿ. ಅಪ್ಪನ ತಟ್ಟೇಲಿ ಮೊಟ್ಟೆ, ಅತ್ತಿಗೆ ಕೈಲಿ ಬ್ರೆಡ್ಡು. ಟಿವೀಲಿ ಇಲಾಖೆ ದೊಡ್ಡ ಸಾಹೇಬ, ಟೈ ಕಟ್ಕೊಂಡು, ಹೊಟ್ಟೆ ಕೆಟ್ಟವನ ಮುಖ ಮಾಡ್ಕೊಂಡು ಓದಿದ: "ವಿಮಾನ ಸಂಸ್ಥೆಗಳ ಪರವಾಗಿ ನಡೆಯುವ ಬಾಡಿಗೆ ಹಾರಾಟಗಳನ್ನು ಬಾಡಿಗೆ ಎಂದು ಪರಿಗಣಿಸಬೇಕೋ ಸಂಸ್ಥೆಯದೇ ಎಂದು ಪರಿಗಣಿಸಬೇಕೋ ಎಂಬ ವಿಷಯ ಪರಿಶೀಲನೆಯಲ್ಲಿದೆ. ಸದ್ಯಕ್ಕೆ ಯಾವುದನ್ನೂ ಹೇಳಲು ಬರುವುದಿಲ್ಲ."

"ಹೇಳಕ್ಕೆ ಬರಲ್ಲ ಅಂದ್ಮೇಲೆ ಟಿವಿಗೆ ಯಾಕೆ ಬಂದ?" ಅಂದ್ಲು ಅಮ್ಮ.

"ಏನರ್ಥ ಇದರದ್ದು?" ಅಂದ ಅಣ್ಣ.

ಅತ್ತಿಗೆ ಬ್ರೆಡ್ಡು ಕೆಳಗಿಟ್ಲು. "ಸಂಸ್ಥೇದು ಅಂತ ತೀರ್ಮಾನ ಆದ್ರೆ ಬಸ್ಸಿನ ಕಾನೂನು ಬರುತ್ತೆ. ವಯಸ್ಸು ಮೀರಿದವರು ಔಟ್. ಗಂಟೆ ಕಮ್ಮಿ ಇರೋರು ಔಟ್. ಮಾವನೂ ಮನೇಗೆ, ನಾನೂ ಮನೇಗೆ."

"ಬಾಡಿಗೆ ಅಂತ ಆದ್ರೆ?"

"ಇಬ್ರೂ ಹಾರ್ತೀವಿ. ನಂಗೆ ಒಂದು ಬೇಸಿಗೆ ಸಿಕ್ರೆ ಸಾಕು. ಆಮೇಲೆ ಏನಾದ್ರೂ ಮಾಡ್ಕೊಳ್ಲಿ."

"ಯಾವಾಗ ಗೊತ್ತಾಗುತ್ತೆ?"

ಅತ್ತಿಗೆ ಟಿವಿ ಕಡೆ ಕೈ ತೋರಿಸಿದ್ಲು. ಸಾಹೇಬ ನೀರು ಕುಡೀತಿದ್ದ. ಅಡ್ಡಗೋಡೆ ಮೇಲೆ ದೀಪ ಇಟ್ಟು, ಗೋಡೆನೂ ಹತ್ತಿ ಕೂತಿದ್ದ ಪುಣ್ಯಾತ್ಮ.

"ಇವನು ನಿನ್ನ ಜೊತೆ ಹುಟ್ಟಬೇಕಿತ್ತು ಕಣೋ," ಅಂದೆ ಅಣ್ಣನಿಗೆ. "ಅವಳಿ ಜವಳಿ. ಒಬ್ಬ ನೋಡೋಣ, ಇನ್ನೊಬ್ಬ ಪರಿಶೀಲನೆ."

ಅಪ್ಪ ಮೊಟ್ಟೆ ಮೇಲೆ ಮೆಣಸಿನಪುಡಿ ಉದುರಿಸ್ಕೊಂಡು, ನಿಧಾನಕ್ಕೆ ತಲೆ ಎತ್ತಿ, "ಇಲಾಖೆ ಹುಟ್ಟೋ ಮುಂಚೆ ಆಕಾಶ ಇತ್ತು," ಅಂದ. ಹಿಂದಿನಿಂದ ಮ್ಯೂಸಿಕ್ ಒಂದು ಬಾಕಿ. ಆಮೇಲೆ ಎದ್ದು ಹೋದ. ತಟ್ಟೆ ಅಲ್ಲೇ ಇತ್ತು.

ಅಲ್ಲಿಂದ ಶುರುವಾಯ್ತು ನೋಡಿ. ಸಂಸ್ಥೆಯವರು ಹೆದರಿ ಅರ್ಧ ಹಾರಾಟ ಕಡಿತ ಮಾಡಿದ್ರು. ಜಾಹೀರಾತಲ್ಲಿ ಮಾತ್ರ "ನಾವೆಲ್ಲ ಒಂದೇ ಕುಟುಂಬ" ಅಂತ ಬಾಡಿಗೆ ಕಂಪ್ನಿ ಹುಡುಗೀರ ಫೋಟೋನೇ ಹಾಕ್ತಿದ್ರು. ಕುಟುಂಬ ಅಂದ್ರೆ ಏನು ಅಂತ ಅವರಿಗೂ ಗೊತ್ತಿತ್ತು ಅನ್ಸುತ್ತೆ, ಕಷ್ಟ ಬಂದಾಗ ಮೊದ್ಲು ಸೊಸೇನ ಹೊರಗೆ ಹಾಕೋದು.

ಯಾಕಂದ್ರೆ ಅತ್ತಿಗೇನ ಕಂಪ್ನಿ "ಕಾಯ್ತಾ ಇರಿ" ಪಟ್ಟಿಗೆ ಹಾಕ್ತು. ಇಸ್ತ್ರಿ ಮಾಡಿದ ಯೂನಿಫಾರ್ಮ್ ಕುರ್ಚಿ ಬೆನ್ನಿಗೆ ನೇತಾಡ್ತಿರ್ಬೇಕು, ಫೋನ್ ಕೈಲಿರ್ಬೇಕು, ಕರೆದ್ರೆ ಓಡ್ಬೇಕು. ಕರೀತಿರ್ಲಿಲ್ಲ. ಅವಳು ಸ್ನಾನಕ್ಕೆ ಹೋದ್ರೆ ಫೋನನ್ನ ಸೋಪಿನ ಡಬ್ಬಿ ಪಕ್ಕ ಇಟ್ಕೊಂಡು ಹೋಗ್ತಿದ್ಲು. ಒಂದಿನ ನಾನು ಬಾಗ್ಲ ಹೊರಗಿಂದ ಮೂಗು ಹಿಡ್ಕೊಂಡು, "ಕೋ-ಪೈಲಟ್ ಮೇಡಂ, ವಿಮಾನ ಸಿದ್ಧವಾಗಿದೆ" ಅಂದೆ. ತಲೇಲಿ ನೊರೆ ಇಟ್ಕೊಂಡು ಆಚೆ ಬಂದ್ಲು. ಬಂದು ಕಪಾಳಕ್ಕೆ ಒಂದು ಬಿಟ್ಲು. ಸೌಂಡ್ ಎಫೆಕ್ಟ್ ಸಮೇತ.

"ಲೋ ಮೈಕು, ಇನ್ನೊಂದ್ಸಲ ಈ ಆಟ ಆಡಿದ್ರೆ ನಿನ್ನನ್ನ ಲಗೇಜ್ ಜೊತೆ ಕಳಿಸ್ತೀನಿ."

ಕೊನೆಗೆ ಅವಳೇ ಕಂಪ್ನಿಗೆ ಹೋಗಿ ಪಟ್ಟಿ ಬರೆಯೋ ಮ್ಯಾನೇಜರ್ ಹತ್ರ ಕೂತ್ಲು. ಅವನು ಹೇಳಿದ್ದನ್ನ ರಾತ್ರಿ ಊಟಕ್ಕೆ ಆಲೂಗಡ್ಡೆ ಸುಲೀತಾ ನಮಗೆ ಹೇಳಿದ್ಲು.

"ಗಂಟೆಯ ಕಾನೂನು ಮೊದ್ಲು ಬರಬಹುದಂತೆ, ವಯಸ್ಸಿನ ಕಾನೂನು ಆಮೇಲಂತೆ. ಅದಕ್ಕೆ ಎಡಗಡೆ ಸೀಟಿಗೆ ಚಿಕ್ಕ ವಯಸ್ಸಿನ ಕ್ಯಾಪ್ಟನ್ನು, ಬಲಗಡೆ ಸೀಟಿಗೆ ಗಂಟೆ ಜಾಸ್ತಿ ಇರೋ ಹಳೇ ಕ್ಯಾಪ್ಟನ್ನು. ನಮ್ಮಂಥೋರ ಸೀಟಲ್ಲಿ ಮುದುಕರನ್ನ ಕೂರಿಸಿದಾರೆ."

"ವಯಸ್ಸಿನ ಕಾನೂನೇ ಮೊದ್ಲು ಬಂದ್ರೆ?" ಅಂದೆ.

"ಅವರನ್ನ ಎಬ್ಬಿಸಿ ನಮ್ಮನ್ನ ಕೂರಿಸ್ತಾರಂತೆ."

"ಇದು ಕಂಪ್ನಿನಾ, ಕುರ್ಚಿ ಆಟನಾ?"

"ಎಲ್ಲಾ ಬಿಡು," ಅಂದ್ಲು ಅಮ್ಮ. "ನಾಲ್ಕು ಪಟ್ಟೆ ಹಾಕಿದ್ದೋರು ಮೂರು ಪಟ್ಟೆ ಹಾಕ್ಕೊಂಡು ಕೂರಕ್ಕೆ ಒಪ್ಪಿದ್ರಾ? ಯಾವ ಮಾನಗೆಟ್ಟೋನು ಒಪ್ಪಿದ?"

ಅಪ್ಪ ಟಿವಿ ಸೌಂಡ್ ಜಾಸ್ತಿ ಮಾಡಿದ.

ಅಪ್ಪ ದಿನಾ ಕೆಲಸಕ್ಕೆ ಹೋಗ್ತಾನೇ ಇದ್ದ. ನಮಗೆ ಅನುಮಾನ ಬರ್ಲಿಲ್ಲ. ಅವನು ಮನೆಯಿಂದ ಹೊರಡೋದು ಜಾಕೆಟ್ ಹಾಕ್ಕೊಂಡು, ಬರೋದೂ ಜಾಕೆಟ್ ಹಾಕ್ಕೊಂಡೇ. ನನ್ನ ಗೇಟು ಆ ವಾರ ಬೇರೆ ಕಡೆ ಇತ್ತು. ಸೆಖೆ ಹಂಗಿರೋವಾಗ ಜಾಕೆಟ್ ಯಾಕ್ರೀ ಅಂತ ಅಮ್ಮ ಕೇಳಿದ್ರೆ, "ಮೇಲೆ ಚಳಿ," ಅಂದ. ಬೆಕ್ಕು ಕಣ್ಮುಚ್ಚಿ ಹಾಲು ಕುಡೀತಿತ್ತು. ಜಾಕೆಟ್ ಬೇರೆ ಹಾಕ್ಕೊಂಡು.

ಸಿಕ್ಕಿಬಿದ್ದಿದ್ದು ಇಸ್ತ್ರಿ ಮೇಜಿನ ಮೇಲೆ.

ಈ ಪಟ್ಟೆ ಇರುತ್ತಲ್ಲ, ಅದನ್ನ ಶರ್ಟಿಗೆ ಹೊಲಿದಿರಲ್ಲ. ಗಟ್ಟಿ ಬಟ್ಟೆಯ ಚಿಕ್ಕ ಕೊಳವೆ ಥರ. ಶರ್ಟಿನ ಭುಜದ ಮೇಲಿರೋ ನಾಲಿಗೆಯಂಥ ಬಟ್ಟೆ ತುಂಡಿಗೆ ಬೆರಳಿಗೆ ಉಂಗುರ ತೊಡಿಸಿದಂಗೆ ತೊಡಿಸ್ತಾರೆ. ಬೇಕಾದಾಗ ಜಾರಿಸಿ ತೆಗೀಬಹುದು. ಮನೇಲಿ ಇಬ್ಬರದೂ ಅದಲುಬದಲು ಆಗ್ಬಾರದು ಅಂತ ಅಮ್ಮ ಅತ್ತಿಗೆಯ ಪಟ್ಟೆ ಒಳಗಡೆ ನೀಲಿ ದಾರದಲ್ಲಿ ಒಂದು ಗಂಟು ಹಾಕಿದ್ಲು. ಒಂದು ಭಾನುವಾರ ಅಪ್ಪ ಸ್ನಾನಕ್ಕೆ ಹೋಗಿದ್ದ. ಶರ್ಟ್ ಜಾಕೆಟ್ ಒಳಗೇ ಇತ್ತು, ಅದರ ಪಟ್ಟೆ ಜಾರಿಸಿ ಬಚ್ಚಿಡೋಕೆ ಮರೆತಿದ್ದ. ಅಮ್ಮ ಶರ್ಟ್ ತೆಗೆದು ಇಸ್ತ್ರಿ ಮೇಜಿನ ಮೇಲೆ ಹರಡಿದ್ಲು.

"ಮೈಕು, ಬಾ ಇಲ್ಲಿ. ಎಣಿಸು."

"ಒಂದು, ಎರಡು, ಮೂರು."

"ನಂಗೂ ಮೂರೇ ಕಾಣ್ತಿದೆ." ಅಮ್ಮ ಪಟ್ಟೆಯನ್ನ ಭುಜದಿಂದ ಜಾರಿಸಿ ಒಳಮೈ ತಿರುವಿದ್ಲು. ನೀಲಿ ದಾರ.

ನಾವಿಬ್ರೂ ಒಬ್ರ ಮುಖ ಒಬ್ರು ನೋಡ್ಕೊಂಡ್ವಿ. ಈ ಮನುಷ್ಯ ಸೊಸೆ ಸೀಟಲ್ಲಿ ಕೂತಿದ್ದು ಸಾಲದು ಅಂತ, ಕಂಪ್ನಿ ಸ್ಟೋರಲ್ಲಿ ಮೂರು ಪಟ್ಟೆ ಕೇಳೋಕೆ ನಾಚಿಕೆಯಾಗಿ, ಅವಳ ಬೀರುವಿನಿಂದಾನೇ ಇನ್ನೊಂದು ಜೊತೆ ಕದ್ದಿದ್ದ.

ಅಮ್ಮ ಕೂಗಾಡ್ಲಿಲ್ಲ. ಶರ್ಟ್ ನೀಟಾಗಿ ಇಸ್ತ್ರಿ ಮಾಡಿ, ಪಟ್ಟೆ ವಾಪಸ್ ತೊಡಿಸಿ, ಬಾಗ್ಲಿಗೆ ನೇತುಹಾಕಿದ್ಲು. ಮಧ್ಯಾಹ್ನ ಊಟಕ್ಕೆ ಎಲ್ಲರೂ ಕೂತಾಗ ಅಪ್ಪನಿಗೆ ಹೇಳಿದ್ಲು, "ರೀ, ಆ ಶರ್ಟ್ ಹಾಕ್ಕೊಂಡು ಬನ್ನಿ."

"ಭಾನುವಾರ ಯಾಕೆ?"

"ಅಳತೆ ನೋಡ್ಬೇಕು."

"ಆಮೇಲೆ ನೋಡಿದ್ರಾಯ್ತು."

"ಶರ್ಟ್ ಬಂದ್ರೆ ಊಟ ಬರುತ್ತೆ."

ಹೊಟ್ಟೆ ಮುಂದೆ ಕ್ಯಾಪ್ಟನ್ ಯಾವ ಲೆಕ್ಕ. ಶರ್ಟ್ ಹಾಕ್ಕೊಂಡು, ಮೇಲೆ ಟವೆಲ್ ಹೊದ್ಕೊಂಡು ಬಂದ. ಮದುಮಗಳು ಸೆರಗು ಹೊದ್ದಂಗೆ. ಅಮ್ಮ ಅನ್ನದ ಸೌಟು ಹಿಡಿದಿದ್ದ ಕೈಯಲ್ಲೇ ಟವೆಲ್ ಎಳೆದ್ಲು.

ಅತ್ತಿಗೆ ಮೊದ್ಲು ಪಟ್ಟೆ ನೋಡಿದ್ಲು, ಆಮೇಲೆ ಅಪ್ಪನ ಮುಖ.

"ಮಾವ, ನನ್ನ ಸೀಟಲ್ಲಿ ಕೂತಿರೋದು ನೀವಾ?"

"ನಿನ್ನ ಸೀಟು ಅಂತ ಎಲ್ಲಿ ಬರೆದಿದೆ? ಸೀಟು ಕಂಪ್ನಿದು."

"ನನ್ನ ಬೀರು?"

ಅಪ್ಪ ಗಂಟಲು ಸರಿ ಮಾಡ್ಕೊಂಡ. "ನೋಡಮ್ಮ, ಭಾವನಾತ್ಮಕವಾಗಿ ಯೋಚನೆ ಮಾಡ್ಬೇಡ. ಆ ಸೀಟು ಖಾಲಿ ಬಿಟ್ಟಿದ್ರೆ ಬೇರೆ ಯಾರೋ ಬಂದು ಕೂರ್ತಿದ್ದ. ನಾನಾದ್ರೆ ಮನೆಯೋನು. ಒಂದ್ರೀತಿ ನಿನ್ನ ಪರವಾಗಿ ಕಾಯ್ತಾ ಇದೀನಿ."

"ನನ್ನ ಪರವಾಗಿ ಕೂತ್ರೆ ಗಂಟೆ ಯಾರ ಹೆಸರಿಗೆ ಬೀಳುತ್ತೆ?"

"ಅದು ತಾಂತ್ರಿಕ ವಿಷಯ."

"ನಿಮ್ಮ ಹತ್ರ ಇರೋ ಗಂಟೆಗಳನ್ನ ಉಪ್ಪಿನಕಾಯಿ ಹಾಕಿದ್ರೂ ಮುಗಿಯಲ್ಲ ಮಾವ. ನಂಗೆ ಒಂದು ಬೇಸಿಗೆ ಬೇಕಿತ್ತು. ಒಂದೇ ಒಂದು."

"ನಾನು ಮನೇಲಿ ಕೂರ್ಲಾ ಹಾಗಾದ್ರೆ? ನಲವತ್ತು ವರ್ಷ ಹಾರಿದೋನು ಆಲೂಗಡ್ಡೆ ಸುಲೀತಾ ಕೂರ್ಲಾ?"

"ನಾನು ಸುಲೀತಾ ಇದೀನಲ್ಲ!"

ಅಪ್ಪ ಕೈ ಎತ್ತಿದ, ಸೈಡಿಗೆ ಕ್ಯಾಮೆರಾ ಇದ್ದಂಗೆ ಮುಖ ತಿರುಗಿಸಿದ. "ಹದ್ದು ಹಾರೋದನ್ನ ಬಿಟ್ರೆ ಅದು ಹದ್ದಲ್ಲ."

"ಹದ್ದು ಸೊಸೆ ಬೀರುಗೆ ಕೈ ಹಾಕಲ್ಲ ಮಾವ, ಅದು ಹೆಗ್ಗಣ," ಅಂದ್ಲು ಅತ್ತಿಗೆ. ಥಿಯೇಟರ್ ಆಗಿದ್ರೆ ನಾನು ಚಿಲ್ಲರೆ ಎಸೀತಿದ್ದೆ.

ಅತ್ತಿಗೆ ಗಂಡನ ಕಡೆ ತಿರುಗಿದ್ಲು. "ನೀನೇನು ಹೇಳ್ತೀಯ?"

ಅಣ್ಣ ನೀರಿನ ಲೋಟದೊಳಗೆ ಇಣುಕಿದ. "ಇಬ್ಬರ ಕಡೇನೂ ಸ್ವಲ್ಪ ಸ್ವಲ್ಪ… ನೋಡೋಣ."

ಅವಳು ಎದ್ಲು. ಮೇಜು ಸುತ್ತಿ ಅಪ್ಪನ ಹಿಂದೆ ಹೋಗಿ ನಿಂತು, ಮೊದ್ಲು ಎಡ ಭುಜ, ಆಮೇಲೆ ಬಲ ಭುಜ, ಎರಡೂ ಪಟ್ಟೆ ಜಾರಿಸಿ ತಗೊಂಡ್ಲು. ಅಪ್ಪ ಕ್ಷೌರಕ್ಕೆ ಕೂತವನ ಥರ ಕದಲದೆ ಕೂತಿದ್ದ.

"ಸೀಟು ಕಂಪ್ನಿದು, ಇರ್ಲಿ," ಅಂದ್ಲು. "ಪಟ್ಟೆ ನಂದು."

ಅವತ್ತಿಂದ ಅಮ್ಮನ ಇಲಾಖೆ ಶುರುವಾಯ್ತು.

ಮಾರನೇ ದಿನ ಬೆಳಿಗ್ಗೆ ಅಪ್ಪ ಮೇಜಿಗೆ ಬಂದು ಕೂತ. ನಮ್ಮೆಲ್ಲರ ಮುಂದೆ ತಟ್ಟೆ ಇತ್ತು, ಅವನ ಮುಂದೆ ಇರ್ಲಿಲ್ಲ.

"ಏನೇ, ನನ್ನ ಮೊಟ್ಟೆ?"

"ಪರಿಶೀಲನೆಯಲ್ಲಿದೆ."

"ಅಂದ್ರೆ?"

"ನಿಮ್ಮನ್ನ ಗಂಡ ಅಂತ ಪರಿಗಣಿಸಬೇಕೋ ಬಾಡಿಗೆದಾರ ಅಂತ ಪರಿಗಣಿಸಬೇಕೋ ನೋಡ್ತಾ ಇದೀನಿ. ಸದ್ಯಕ್ಕೆ ಯಾವುದನ್ನೂ ಹೇಳಕ್ಕೆ ಬರಲ್ಲ."

ಊಟ ಹಾಕ್ತಾನೇ ಇರ್ಲಿಲ್ಲ ಅಂತಲ್ಲ, ಅದೇ ಮಜಾ. ಒಂದಿನ ಬಿಸಿ ಬಿಸಿ ಸೂಪು, ಪಕ್ಕದಲ್ಲಿ ಬೆಣ್ಣೆ ಹಚ್ಚಿದ ಬ್ರೆಡ್ಡು. ಮಾರನೇ ದಿನ ಖಾಲಿ ಮೇಜು. ಒಂದಿನ ಟೀ ಬಂತು, ಸಕ್ಕರೆ ಬರ್ಲಿಲ್ಲ. ಸಕ್ಕರೆ ಬೇರೆ ವಿಭಾಗ ಅಂದ್ಲು. ಅಪ್ಪ ದಾರಿ ಮೇಲೆ ಏನಾದ್ರೂ ತಿಂದು ಬಂದ ದಿನ ಮನೇಲಿ ಭರ್ಜರಿ ಊಟ, ಹಸ್ಕೊಂಡು ಬಂದ ದಿನ ತಣ್ಣಗಿನ ಒಲೆ. ಗ್ರಹಚಾರ ನೋಡಿ, ಅವನು ಹೆಂಗೆ ಊಹೆ ಮಾಡಿದ್ರೂ ತಪ್ಪಾಗ್ತಿತ್ತು.

"ಇದೇನೇ ಹಿಂಸೆ! ಹಾಕಲ್ಲ ಅಂದ್ರೆ ಹಾಕಲ್ಲ ಅಂತ ಹೇಳ್ಬಿಡು!" ಅಂತ ಒಂದಿನ ಕೂಗಿದ.

"ನೋಡಿದ್ರಾ," ಅಂದ್ಲು ಅಮ್ಮ, ಈರುಳ್ಳಿ ಹೆಚ್ಚುತ್ತಾ. "ಅದನ್ನೇ ಆ ಹುಡುಗಿ ಇಲಾಖೆಗೆ ಹೇಳ್ತಿರೋದು."

ಆದ್ರೂ ಮನುಷ್ಯ ಸೀಟು ಬಿಡ್ಲಿಲ್ಲ. ಕಂಪ್ನಿ ಸ್ಟೋರಿಗೆ ಹೋಗಿ, ಎಲ್ಲರ ಮುಂದೆ ಮೂರು ಪಟ್ಟೆ ಕೇಳಿ ತಗೊಂಡ. ಅವನ ನಾಲ್ಕು ಪಟ್ಟೆ ಮನೇಲಿ ಸುಮ್ನೆ ಬಿದ್ದಿತ್ತು. ಅಮ್ಮ ಅದನ್ನ ಕೈಗೆತ್ಕೊಂಡು ಹಿಂದೆ ಮುಂದೆ ನೋಡಿದ್ಲು. ಗಟ್ಟಿ ಬಟ್ಟೆ, ಒಳಗೆ ಟೊಳ್ಳು. ಹಾಲು ಕಾಯಿಸೋ ಪಾತ್ರೆಯ ಎರಡು ಕಿವಿಗೆ ತೊಡಿಸಿ ನೋಡಿದ್ಲು. ಅಳತೆಗೆ ಮಾಡಿಸಿದಂಗೆ ಕೂತ್ಕೊಂಡ್ತು. ಕೈ ಸುಡಲ್ಲ.

"ನಲವತ್ತು ವರ್ಷಕ್ಕೆ ಇದೇ ಮೊದ್ಲು," ಅಂದ್ಲು, "ಇವರ ಪಟ್ಟೆಯಿಂದ ಈ ಮನೇಲಿ ಒಂದು ಪಾತ್ರೆ ಎದ್ದಿದ್ದು."

ಈಗ ಗಿಣಿ ಬಗ್ಗೆ ಹೇಳ್ಬೇಕು. ಗಿಣಿ ಅಂದ್ರೆ ಅಪ್ಪ ದೊಡ್ಡ ಸಂಸ್ಥೇಲಿದ್ದಾಗ ಅವನ ಕೈ ಕೆಳಗಿದ್ದ ಕೋ-ಪೈಲಟ್ಟು. ಪಾಪದ ಹುಡುಗ. ಅಪ್ಪ ಅವನ ಕೈಲಿ ಪ್ರತಿ ಮಾತನ್ನೂ ಎರಡೆರಡು ಸಲ ಹೇಳಿಸ್ತಿದ್ದ. ಮನೇಗೆ ಬಂದು, "ಇವತ್ತೂ ಗಿಣಿ ಚೆನ್ನಾಗಿ ಕಲೀತು" ಅಂತ ನಗ್ತಿದ್ದ. ಆ ಗಿಣಿ ಈಗ ಇದೇ ಬಾಡಿಗೆ ಕಂಪ್ನೀಲಿ ನಾಲ್ಕು ಪಟ್ಟೆ ಕ್ಯಾಪ್ಟನ್ನು. ಅಪ್ಪನ ಎಡಗಡೆ ಕೂತಿದ್ದು ಅವನೇ.

ನಂಗೆ ಹಳೇ ಗೇಟು ವಾಪಸ್ ಸಿಕ್ಕಿದ ದಿನ ಜಿಟಿಜಿಟಿ ಮಳೆ. ಗಾಜಿನ ಆಚೆ ವಿಮಾನ ನಿಂತಿತ್ತು. ಹೊರಡೋ ಮುಂಚೆ ಒಬ್ರು ಕೆಳಗಿಳಿದು ವಿಮಾನದ ಸುತ್ತ ನಡೆದು ಚಕ್ರ, ರೆಕ್ಕೆ, ಬಾಲ ಎಲ್ಲ ಪರೀಕ್ಷೆ ಮಾಡ್ಬೇಕು. ಅದು ಕೋ-ಪೈಲಟ್ ಕೆಲಸ. ಹಳದಿ ಕೋಟು ಹಾಕ್ಕೊಂಡು, ಟಾರ್ಚ್ ಹಿಡ್ಕೊಂಡು, ನಮ್ಮ ಹದ್ದು ನೀರಲ್ಲಿ ನೆನೀತಾ ವಿಮಾನಕ್ಕೆ ಸುತ್ತು ಹಾಕ್ತಿತ್ತು. ಮೇಲೆ ಕಿಟಕೀಲಿ ಗಿಣಿ ಟೀ ಕುಡೀತಿದ್ದ. ಅಪ್ಪ ಸುತ್ತು ಮುಗಿಸಿ ಮೆಟ್ಲು ಹತ್ತೋಕೆ ಬಂದ್ರೆ, ಗಿಣಿ ಕಿಟಕಿ ಸರಿಸಿ ಬೆರಳಲ್ಲಿ ಗಾಳೀಲಿ ಒಂದು ವೃತ್ತ ಬರೆದ. ಇನ್ನೊಂದ್ಸಲ.

ಎರಡೆರಡು ಸಲ. ಗಿಣಿ ಚೆನ್ನಾಗೇ ಕಲಿತಿತ್ತು.

ನನ್ನ ಕೈಲಿ ಮೈಕ್ ಇತ್ತು. ದೇವರಾಣೆ, ಸುಮ್ನಿರೋಕೆ ಪ್ರಯತ್ನ ಮಾಡ್ದೆ.

"ಪ್ರಯಾಣಿಕರ ಗಮನಕ್ಕೆ. ನಿಮ್ಮ ಸುರಕ್ಷತೆಗಾಗಿ ನಮ್ಮ ಹಿರಿಯ ಕೋ-ಪೈಲಟ್ ಅವರು ವಿಮಾನಕ್ಕೆ ಚಕ್ರ ಇದೆಯೇ ಎಂದು ಎರಡನೇ ಬಾರಿ ಎಣಿಸುತ್ತಿದ್ದಾರೆ. ಸಂಸ್ಥೆಯ ಪರವಾಗಿ ದೊಡ್ಡ ಚಪ್ಪಾಳೆ."

ಜನ ನಗ್ತಾ ಚಪ್ಪಾಳೆ ಹೊಡೆದ್ರು. ಗಾಜಿನ ಆಚೆಗೆ ಮಾತು ಕೇಳಲ್ಲ, ಚಪ್ಪಾಳೆ ಮಾತ್ರ ಕಾಣುತ್ತೆ. ಅಪ್ಪ ನಿಂತ. ನೋಡಿದ. ಸೊಂಟ ನೆಟ್ಟಗೆ ಮಾಡಿ ಸೆಲ್ಯೂಟ್ ಹೊಡೆದ.

ರಾತ್ರಿ ಮನೇಲಿ, ಖಾಲಿ ತಟ್ಟೆ ಮುಂದೆ ಕೂತು, "ಇವತ್ತು ಪ್ರಯಾಣಿಕರು ಎದ್ದು ನಿಂತು ಚಪ್ಪಾಳೆ ಹೊಡೆದ್ರು ಗೊತ್ತಾ," ಅಂದ. "ಜನಕ್ಕೆ ಇನ್ನೂ ಬೆಲೆ ಗೊತ್ತಿದೆ." ಅಮ್ಮ ನನ್ನ ಕಡೆ ನೋಡಿದ್ಲು. ನಾನು ಉಪ್ಪಿನ ಡಬ್ಬಿ ಮೇಲೆ ಬರೆದಿದ್ದನ್ನ ಓದ್ತಿದ್ದೆ.

ಆಮೇಲಿನ ವಾರ ಕ್ಲೈಮ್ಯಾಕ್ಸ್ ಬಂತು. ಅದನ್ನ ನಾನು ನೋಡ್ಲಿಲ್ಲ, ಆ ವಿಮಾನದಲ್ಲಿದ್ದ ಗಗನಸಖಿ ಟೀ ಮೆಷಿನ್ ಹತ್ರ ಹೇಳಿದ್ಲು. ಹೇಳೋ ಮುಂಚೆ ಎರಡು ಸಲ ನಕ್ಕು ಟೀ ಚೆಲ್ಕೊಂಡ್ಲು.

ವಿಮಾನ ಮೇಲೇರಿ ಸಮ ಆದ್ಮೇಲೆ ಅಪ್ಪನ ಕೈ ತಾನಾಗೇ ಮೈಕಿಗೆ ಹೋಗಿದೆ. ನಲವತ್ತು ವರ್ಷದ ಚಟ. ಗಂಟಲು ದಪ್ಪ ಮಾಡ್ಕೊಂಡು, "ಸಂಸ್ಥೆಯ ಪರವಾಗಿ ಎಲ್ಲರಿಗೂ ಸ್ವಾಗತ. ನಾನು ನಿಮ್ಮ ಕ್ಯಾಪ್ಟನ್ ಮಾತಾಡ್ತಾ ಇದೀನಿ. ಗಾಳಿ ಪಶ್ಚಿಮದಿಂದ ಬೀಸ್ತಿದೆ…" ಅಂತ ಶುರು ಮಾಡಿದಾನೆ. ಅಷ್ಟರಲ್ಲಿ ಕಿಟ್ಟ್ ಅಂತ ಸದ್ದು. ಇನ್ನೊಂದು ಧ್ವನಿ.

"ಕ್ಷಮಿಸಿ ಪ್ರಯಾಣಿಕರೇ. ಈಗ ಮಾತಾಡಿದ್ದು ಕೋ-ಪೈಲಟ್ಟು. ಕ್ಯಾಪ್ಟನ್ ನಾನು. ಮತ್ತೊಮ್ಮೆ ಹೇಳ್ತೀನಿ, ಕ್ಯಾಪ್ಟನ್ ನಾನು."

ಮೂವತ್ತು ಸೀಟೂ ನಕ್ಕಿದೆ. ಒಂದು ಮಗು, "ಅಮ್ಮ, ಮೊದಲನೇ ಅಂಕಲ್ ಸುಳ್ಳು ಹೇಳಿದ್ರಾ?" ಅಂತ ಗಟ್ಟಿಯಾಗಿ ಕೇಳಿದೆ.

ಅವತ್ತು ಅಪ್ಪ ಮನೇಗೆ ಬಂದವನು ಬೂಟು ಬಿಚ್ಚದೆ ನಡುಮನೆ ಮಧ್ಯ ನಿಂತ. ಅತ್ತಿಗೆ ನೆಲ ಒರೆಸ್ತಿದ್ಲು. ಅಮ್ಮ ಬಟ್ಟೆ ಮಡಚ್ತಿದ್ಲು. ಅಣ್ಣ ಟೈಲ್ಸ್ ಸ್ಯಾಂಪಲ್ಲು ಜೋಡಿಸ್ತಿದ್ದ.

"ಎಲ್ಲರೂ ಕೇಳಿ," ಅಂದ. "ನಾನು ಆ ಸೀಟು ಬಿಟ್ಕೊಟ್ಟು ಬಂದೆ. ಬೆಳೆಯೋ ಮಕ್ಕಳ ದಾರೀಲಿ ದೊಡ್ಡೋರು ನಿಲ್ಲಬಾರದು. ಸೊಸೆಗೋಸ್ಕರ ಆಕಾಶಾನೇ ಬಿಟ್ಟೆ."

ಸ್ಲೋ ಮೋಷನ್ನಲ್ಲಿ ಟೋಪಿ ತೆಗೆದು ಮೇಜಿನ ಮೇಲಿಟ್ಟ. ಜಟ್ಟಿ ಜಾರಿ ಬಿದ್ದಿದ್ದ, ಮೀಸೆಗೆ ಮಣ್ಣು ಮೆತ್ತಿತ್ತು, ಆ ಮಣ್ಣನ್ನೇ ವಿಭೂತಿ ಅಂತಿದ್ದ.

ನಂಗೆ ಟೀ ಮೆಷಿನ್ ಕಥೆ ಬಾಯಿ ತುದೀಲಿತ್ತು. ಮನೆಯವರಿಗೆಲ್ಲ ಮಧ್ಯಾಹ್ನಾನೇ ಫೋನ್ ಮಾಡಿ ಎರಡೂ ಧ್ವನೀಲಿ ಮಿಮಿಕ್ರಿ ಮಾಡಿ ಹೇಳಿದ್ದೆ ಬೇರೆ. ಅಮ್ಮ ತುಟಿ ಕಚ್ಕೊಂಡು ದಿಂಬಿನ ಕವರನ್ನ ಮೂರನೇ ಸಲ ಮಡಚಿದ್ಲು. ಅತ್ತಿಗೆ ಒರೆಸೋ ಬಟ್ಟೆ ಬಕೆಟ್ಟಿಗೆ ಹಾಕಿದ್ಲು, ಎದ್ದು ನಿಂತ್ಲು.

"ಮಾವ, ಅಲ್ಲೇ ನಿಲ್ಲಿ."

"ಯಾಕಮ್ಮ, ಕಾಲಿಗೆ ಬೀಳೋದೆಲ್ಲ ಬೇಡ…"

"ಒರೆಸಿದ ನೆಲ. ಬೂಟು."

ಮಾರನೇ ದಿನಾನೇ ಪಟ್ಟಿ ಮ್ಯಾನೇಜರ್ ಅತ್ತಿಗೆಗೆ ಫೋನ್ ಮಾಡಿದ. ಬಲಗಡೆ ಸೀಟು ಖಾಲಿ ಇದೆ, ಬೇರೆ ಮುದುಕರು ಯಾರೂ ಮೂರು ಪಟ್ಟೆಗೆ ಒ‌ಪ್ತಿಲ್ಲ, ಇಲಾಖೆ ಏನಾದ್ರೂ ಹೇಳೋ ತನಕ ಸದ್ಯಕ್ಕೆ ಬನ್ನಿ ಅಂದ. "ಸದ್ಯಕ್ಕೆ" ಅಂದ್ರೆ ಎಷ್ಟು ದಿನ ಅಂತ ಅವಳು ಕೇಳ್ಲಿಲ್ಲ. ಕೇಳೋ ಟೈಮಲ್ಲಿ ಶೂ ಲೇಸ್ ಕಟ್ಟಿದ್ಲು. ಗಿಣಿ ಅವಳ ಕೈಲಿ ಎಲ್ಲಾ ಒಂದೇ ಸಲ ಹೇಳಿಸ್ತಾನಂತೆ.

ಬೇಸಿಗೆ ನಡೀತಾ ಇದೆ. ಗಂಟೆ ಅವಳ ಹೆಸರಿಗೆ ಬೀಳ್ತಾ ಇದೆ. ಮೊನ್ನೆ ಟಿವೀಲಿ ಇಲಾಖೆ ಸಾಹೇಬ ಅದೇ ಟೈ ಕಟ್ಕೊಂಡು ಮತ್ತೆ ಬಂದ. ಪರಿಶೀಲನೆಯನ್ನು ಹೇಗೆ ನಡೆಸಬೇಕು ಅನ್ನೋದನ್ನ ಪರಿಶೀಲಿಸೋಕೆ ಸಮಿತಿ ಮಾಡಿದಾರಂತೆ. ನಾಳೆನೇ ಕಾನೂನು ಬರಬಹುದು, ಅತ್ತಿಗೆ ಮೆಟ್ಲು ಹತ್ತುತ್ತಿರೋವಾಗ್ಲೇ ಬರಬಹುದು. "ಟಿವಿ ಆರಿಸೋ ಮೈಕು," ಅಂತಾಳೆ ಅವಳು, "ಅವನು ಮಾತಾಡಿ ಮುಗಿಸೋದ್ರೊಳಗೆ ಒಂದು ಹಾರಾಟ ಮುಗಿಸಿ ಬರ್ತೀನಿ."

ಅಪ್ಪ ಅಕ್ಕಪಕ್ಕದವರಿಗೆಲ್ಲ ತಾನು ಬಿಟ್ಕೊಟ್ಟ ಕಥೆ ಹೇಳ್ತಾನೆ. ಪ್ರತಿ ಸಲ ಅದರಲ್ಲಿ ಒಂದು ಹೊಸ ಡೈಲಾಗ್ ಸೇರ್ಕೊಳ್ಳುತ್ತೆ. ಆಲೂಗಡ್ಡೆ ಸುಲಿಯೋದು ಕಲಿತಿದಾನೆ. ದಪ್ಪಗೆ ಸುಲೀತಾನೆ, ಅರ್ಧ ಆಲೂಗಡ್ಡೆ ಸಿಪ್ಪೇಲೇ ಹೋಗುತ್ತೆ.

ಇವತ್ತು ಬೆಳಿಗ್ಗೆ ಅತ್ತಿಗೆ ಹೊರಡ್ತಿದ್ಲು. ಭುಜದ ಮೇಲೆ ಮೂರು ಪಟ್ಟೆ, ಒಳಗೆ ನೀಲಿ ದಾರ. ಅಡುಗೆಮನೇಲಿ ಹಾಲು ಉಕ್ಕಿ ಬರ್ತಿತ್ತು. ಅಮ್ಮನ ಎರಡೂ ಕೈ ಹಿಟ್ಟಲ್ಲಿ.

"ರೀ, ಇಳಿಸ್ರೀ!"

ಅಪ್ಪ ಓಡಿ ಬಂದು ಪಾತ್ರೆ ಕಿವಿ ಹಿಡಿದ. ತನ್ನ ನಾಲ್ಕು ಪಟ್ಟೆ ಈ ಕಡೆ, ನಾಲ್ಕು ಪಟ್ಟೆ ಆ ಕಡೆ. ಒಂದು ಪಟ್ಟೆ ಸುಟ್ಟು ಕಪ್ಪಾಗಿತ್ತು. ಎತ್ತಿಬಿಟ್ಟ. ಎತ್ಕೊಂಡು ನಿಂತ.

ಅತ್ತಿಗೆ ಬಾಗ್ಲಲ್ಲಿ ತಿರುಗಿ ನೋಡಿದ್ಲು. "ಮಾವ, ನೀವು ಸೀಟು ಬಿಟ್ಕೊಟ್ಟಿದ್ದಕ್ಕೆ ನಾನು ಇನ್ನೂ ಥ್ಯಾಂಕ್ಸ್ ಹೇಳಿಲ್ಲ. ಬೇಜಾರಾ?"

ಅಪ್ಪನ ಮುಖ ಅರಳ್ತು. ದೊಡ್ಡ ಮನಸ್ಸು ಮಾಡಿ, ಕಣ್ಣು ಅರೆ ಮುಚ್ಚಿ, "ಪರವಾಗಿಲ್ಲಮ್ಮ," ಅಂದ.

"ಹಾಗಾದ್ರೆ ಹೇಳಲ್ಲ," ಅಂದ್ಲು. ಬಾಗ್ಲು ಹಾಕ್ಕೊಂಡು ಹೋದ್ಲು.

ಹಾಲು ಹೊಗೆಯಾಡ್ತಿತ್ತು. ಕಟ್ಟೆ ಮೇಲೆ ತರಕಾರಿ, ಮೇಜಿನ ಮೇಲೆ ಹಿಟ್ಟು, ಎಲ್ಲೂ ಜಾಗ ಇರ್ಲಿಲ್ಲ. ಪಾತ್ರೆ ಹಿಡ್ಕೊಂಡು ಕ್ಯಾಪ್ಟನ್ನು ಆ ಕಡೆ ಒಂದು ಸುತ್ತು, ಈ ಕಡೆ ಒಂದು ಸುತ್ತು ತಿರುಗಿ, ಅಮ್ಮನ ಮುಖ ನೋಡಿದ.

"ಎಲ್ಲಿ ಇಳಿಸ್ಲೇ ಇದನ್ನ?"

ಅಮ್ಮ ಹಿಟ್ಟು ನಾದೋದನ್ನ ನಿಲ್ಲಿಸ್ಲಿಲ್ಲ.

"ಪರಿಶೀಲನೆಯಲ್ಲಿದೆ."